ಮಾತಂಗದ ಮೇಲಿಂದ ಹಂಪಿ

ಬೆಳಗಿನ ಜಾವ ಮಾತಂಗ ಬೆಟ್ಟದ ನೆತ್ತಿಯಲ್ಲಿ ನಿಂತವರನ್ನು ನೋಡಬೇಕು. ಪೂರ್ವದಲ್ಲಿ ಕೆಂಪಡರಿದ್ದೇ ತಡ, ಎಲ್ಲರ ಮೊಬೈಲೂ ಅತ್ತ. ಸೂರ್ಯ ಮೇಲೆದ್ದು ಐದು ನಿಮಿಷವಾದರೆ ಅರ್ಧ ಜನ ಇಳಿಯಲು ಶುರು. ಮೊದಲ ಸಲ ಹತ್ತಿದಾಗ ನಾನೂ ಹಾಗೇ ಮಾಡಿದ್ದೆ. ಮನೆಗೆ ಬಂದು ನೋಡಿದರೆ ಎಂಬತ್ತು ಚಿತ್ರಗಳಲ್ಲಿ ಎಪ್ಪತ್ತರಲ್ಲಿ ಬರೀ ಕಿತ್ತಳೆ ಚುಕ್ಕೆ. ಹಂಪಿ ಎಂಬ ಊರೇ ನಾಪತ್ತೆ.

ಕೆಳಗೆ ನಿಂತಾಗ ಬೆರಗು ಹುಟ್ಟಿಸುವ ಗೋಪುರ, ಬಂಡೆ, ಕಂಬಸಾಲುಗಳೆಲ್ಲ ಎತ್ತರದಿಂದ ತೆಗೆದ ಚಿತ್ರದಲ್ಲಿ ನಕ್ಷೆಯ ಹಾಗೆ ಚಪ್ಪಟೆಯಾಗಿಬಿಡುತ್ತವೆ. ಅಲ್ಲೇ ನಿಂತು ನೋಡುವಾಗ ಇದು ಗೊತ್ತಾಗುವುದಿಲ್ಲ. ಕಣ್ಣು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಆ ಬುದ್ಧಿಯಿಲ್ಲ. ಹೋದ ಉಬ್ಬುತಗ್ಗನ್ನು ಮರಳಿ ಕೊಡುವುದು ನೆರಳೊಂದೇ. ಹಾಗಾಗಿ ಈಗ ಮೇಲೆ ಹೋದರೆ ನಾನು ಮೊದಲು ಹುಡುಕುವುದು ನೆರಳು ಬೀಳುವ ದಿಕ್ಕನ್ನು.

ಈ ಬೆಟ್ಟ ಇರುವುದು ಹಂಪಿ ಬಜಾರಿನ ಪೂರ್ವದ ತುದಿಯಲ್ಲಿ, ‘ಎದುರು ಬಸವಣ್ಣ’ ಎಂಬ ನಂದಿಯ ಪಕ್ಕಕ್ಕೆ. ನೆತ್ತಿಯ ವೀರಭದ್ರ ಗುಡಿಯ ಬಳಿಯಿಂದ ಪಶ್ಚಿಮಕ್ಕೆ ನೋಡಿದರೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಬೀದಿ, ಅದರ ಕೊನೆಗೆ ವಿರೂಪಾಕ್ಷನ ಒಂಬತ್ತು ನೆಲೆಯ ಗೋಪುರ. ಮುಂಜಾನೆ ಸೂರ್ಯ ನಿಮ್ಮ ಬೆನ್ನ ಹಿಂದೆ. ಗೋಪುರದ ಮುಖಕ್ಕೆ ನೇರ ಬಿಸಿಲು ಬಿದ್ದು ಬಣ್ಣವೇನೋ ಚೆನ್ನಾಗಿ ಬರುತ್ತದೆ, ಆದರೆ ನೆರಳೆಲ್ಲ ವಸ್ತುಗಳ ಬೆನ್ನಿಗೆ ಅಡಗಿ ಚಿತ್ರ ಸಪ್ಪೆ. ಇದಕ್ಕೊಂದು ಉಪಾಯವನ್ನು ಬೆಟ್ಟವೇ ಮಾಡಿಟ್ಟಿದೆ. ಅದರ ನೆರಳು ಊರಿನ ಕಡೆಗೆ ಚಾಚಿಕೊಳ್ಳುತ್ತದೆ. ಗೋಪುರದ ಮೇಲ್ಭಾಗಕ್ಕೆ ಹೊನ್ನಿನ ಬೆಳಕು ತಾಗಿರುವಾಗ ಕೆಳಗಿನ ಬೀದಿ ಇನ್ನೂ ನೀಲಿ ನೆರಳಿನಲ್ಲಿರುವ ಕೆಲವು ನಿಮಿಷಗಳಿವೆಯಲ್ಲ, ಪಶ್ಚಿಮಕ್ಕೆ ಕ್ಲಿಕ್ಕಿಸುವ ಹೊತ್ತು ಅದೇ.

ಆಮೇಲೆ ಉತ್ತರದ ಮಗ್ಗುಲಿಗೆ ತಿರುಗಿ. ಕಾಲಡಿಯಲ್ಲಿ 1534ರ ಅಚ್ಯುತರಾಯ ದೇವಾಲಯ, ಅದರ ಮುಂದೆ ಹೊಳೆಯ ಕಡೆಗೆ ಸಾಗುವ ಕಂಬಸಾಲಿನ ಬೀದಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದಿರುವುದರಿಂದ ಇಲ್ಲಿಗೆ ಬಿಸಿಲು ಬಲಬದಿಯಿಂದ ಓರೆಯಾಗಿ ಬರುತ್ತದೆ. ಕಣಿವೆಗೆ ಇಳಿಯಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಇಳಿದ ಮೇಲೆ ಒಂದೊಂದು ಕಂಬವೂ ತನ್ನ ಉದ್ದದ ಎರಡು ಮೂರು ಪಟ್ಟು ನೆರಳನ್ನು ಎಳೆದುಕೊಂಡು ನಿಲ್ಲುತ್ತದೆ. ಮಾತಂಗದ ಅತ್ಯುತ್ತಮ ಚಿತ್ರ ಇದೆಂದೇ ನನ್ನ ಮತ. ಬೇಗ ಇಳಿದುಹೋದವರಿಗೆ ಇದು ಸಿಗುವುದಿಲ್ಲ.

ಇನ್ನು ಲೆನ್ಸಿನ ಲೆಕ್ಕ. ಗೋಪುರದ ಎತ್ತರ ಸುಮಾರು 50 ಮೀಟರ್, ನೀವಿರುವುದು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರದಲ್ಲಿ. ಮೊಬೈಲಿನ ಮಾಮೂಲಿ ಲೆನ್ಸಿನಲ್ಲಿ ಅಡ್ಡ ಹಿಡಿದು ತೆಗೆದರೆ ಗೋಪುರಕ್ಕೆ ಸಿಗುವ ಜಾಗ ಚಿತ್ರದ ಎತ್ತರದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು. ಇನ್ನೂ ಅಗಲದ ‘0.5’ ಒತ್ತಿದರೆ ಅದೂ ಇಲ್ಲ. ಮೂರು ಪಟ್ಟು ಜೂಮ್ ಲೆನ್ಸ್ ಇದ್ದರೆ ಆರೇಳರಲ್ಲಿ ಒಂದು ಪಾಲಾಗುತ್ತದೆ. ಕ್ಯಾಮೆರಾದವರು 200 ಮಿ.ಮೀ. ಲೆನ್ಸ್ ಹಾಕಿದರೆ ಅರ್ಧ ಫ್ರೇಮಿನವರೆಗೂ ಎದ್ದು ನಿಲ್ಲುತ್ತದೆ. ಬೆಟ್ಟ ಹತ್ತುವಾಗ ಅಗಲದ ಲೆನ್ಸ್ ಮಾತ್ರ ಹೊತ್ತುಕೊಂಡು ಹೋಗುವುದು ಎಲ್ಲರೂ ಮಾಡುವ ತಪ್ಪು. ಅಷ್ಟೂ ಅಗಲ ಬೇಕೇ ಬೇಕೆಂದರೆ ಜೂಮ್ ಲೆನ್ಸಿನಲ್ಲೇ ಕ್ಯಾಮೆರಾವನ್ನು ಉದ್ದ ಹಿಡಿದು, ಒಂದರ ಮೂರನೇ ಒಂದು ಭಾಗ ಇನ್ನೊಂದರ ಮೇಲೆ ಬರುವಂತೆ ಐದಾರು ಚಿತ್ರ ತೆಗೆದು ಆಮೇಲೆ ಒಂದಾಗಿ ಹೊಲಿಯಿರಿ.

ಹೊಳೆಯ ವಿಷಯಕ್ಕೆ ಬೇರೆಯದೇ ತರ್ಕ. ನೀರಿಗೆ ಸ್ವಂತ ಬಣ್ಣ ಕಮ್ಮಿ, ಅದು ತೋರಿಸುವುದು ಆಕಾಶವನ್ನು. ಸೂರ್ಯನಿಗೆ ಬೆನ್ನು ಮಾಡಿ ನೋಡಿದರೆ ತುಂಗಭದ್ರೆ ಬಂಡೆಗಳ ನಡುವಿನ ಮಂಕು ಪಟ್ಟಿ. ಸೂರ್ಯನ ಕಡೆಗೆ ನೋಡಿದರೆ ಬೆಳ್ಳಿಯ ಎಳೆ. ಆದ್ದರಿಂದ ಹೊಳೆ ಬೇಕಾದವರು ಸಂಜೆ ಹತ್ತಬೇಕು. ಗೋಪುರಕ್ಕೆ ಎದುರಾಗಿ ನಿಂತರೆ ಡಿಸೆಂಬರಿನಲ್ಲಿ ಸೂರ್ಯ ಎಡಕ್ಕೆ ಮುಳುಗುತ್ತಾನೆ, ಜೂನಿನಲ್ಲಿ ಬಲಕ್ಕೆ, ಹೊಳೆಯ ಬದಿಗೆ. ಹೊಳಪು ಜಾಸ್ತಿ ಸಿಗುವುದು ಬಲಕ್ಕೆ ಸರಿದಾಗ. ಪೋಲರೈಸರ್ ಫಿಲ್ಟರ್ ಇದ್ದರೆ ಈ ಹೊತ್ತಿನಲ್ಲಿ ತೆಗೆದಿಡಿ, ಅದು ಹೊಳಪನ್ನೇ ನುಂಗಿಹಾಕುತ್ತದೆ. ಎಕ್ಸ್‌ಪೋಷರನ್ನು ನೀರಿನ ಹೊಳಪಿಗೆ ಹೊಂದಿಸಿ ಒಂದು ಹಂತ ಇಳಿಸಿ. ಬಂಡೆ ಕಪ್ಪಾದರೆ ಆಗಲಿ.

ನೀರು ಎಷ್ಟಿದೆ ಎನ್ನುವುದು ಮಳೆಯ ಜೊತೆಗೆ ಹೊಸಪೇಟೆಯ ಅಣೆಕಟ್ಟಿನ ಕೈಯಲ್ಲೂ ಇದೆ. ಏಪ್ರಿಲ್–ಮೇ ತಿಂಗಳಲ್ಲಿ ಬಂಡೆ, ಮಡುಗಳಷ್ಟೇ. ಜಲಾಶಯ ತುಂಬಿ ಗೇಟು ತೆರೆದರೆ ಹೊಳೆಯಂಚಿನ ಪುರಂದರ ಮಂಟಪ ಮುಳುಗುವಷ್ಟು ನೀರು. ಮಳೆಗಾಲದಲ್ಲಿ ಹೊರಡುವ ಮುನ್ನ ಪತ್ರಿಕೆಯಲ್ಲಿ ಹೊರಹರಿವಿನ ಕ್ಯೂಸೆಕ್ ಅಂಕಿ ನೋಡುವುದು ನನಗೀಗ ರೂಢಿ. ಮಳೆ ಬಿಟ್ಟ ಮರುದಿನ ಹೋದರೆ ಇನ್ನೂ ಒಳ್ಳೆಯದು, ಗಾಳಿಯ ಧೂಳು ತೊಳೆದುಹೋಗಿ ದೂರದ ಗುಡ್ಡಗಳ ಅಂಚೂ ಕಾಣುತ್ತದೆ. ಬೇಸಿಗೆಯ ಮಬ್ಬನ್ನು ಯಾವ ಲೆನ್ಸೂ ಸೀಳುವುದಿಲ್ಲ.

ಹಂಪಿಗೆ ಕ್ಯಾಮೆರಾ ಹೊಸದೇನಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವನು ನಿಂತಲ್ಲೇ ನಿಂತು ಮತ್ತೆ ತೆಗೆದರು. ಅವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಂದಿನಿಂದ ನಾನು ನಿಂತ ಬಂಡೆಯ ಫೋಟೊವನ್ನೂ ಒಂದು ತೆಗೆದಿಡುತ್ತೇನೆ. ಮುಂದಿನ ಸಲ ಅಲ್ಲೇ ನಿಲ್ಲಬಹುದಲ್ಲ.

ಜನವರಿಯಲ್ಲಿ ಸೂರ್ಯೋದಯ 6.50ರ ಆಸುಪಾಸು, ಜೂನ್ ಮೊದಲಿಗೆ 6ರ ಒಳಗೇ. ಮುಕ್ಕಾಲು ಗಂಟೆ ಮೊದಲೇ ಬುಡದಲ್ಲಿರಿ. ಸ್ಮಾರಕಗಳ ಬಳಿ ಡ್ರೋನ್ ಹಾರಿಸುವಂತಿಲ್ಲ, ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಕೇಳಿಕೊಳ್ಳಿ. ಸಿಗದಿದ್ದರೆ ಚೀಲವನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಒರಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ. ತಿಂಡಿ ಹೊರಗೆ ತೆಗೆಯಬೇಡಿ, ಕೋತಿಗಳಿವೆ. ಕತ್ತಲಲ್ಲಿ ಒಬ್ಬರೇ ಬೇಡ, ಜೊತೆಯಿರಲಿ, ಟಾರ್ಚ್ ಇರಲಿ. ಇಳಿಯುವಾಗ ಕ್ಯಾಮೆರಾ ಕೊರಳಲ್ಲಿ ತೂಗಾಡದೆ ಚೀಲ ಸೇರಿರಲಿ. ಕೆಲವು ಕಡೆ ಎರಡೂ ಕೈ ಬಂಡೆಗೆ ಬೇಕಾಗುತ್ತವೆ.