ಆಟ ಮರಳಿದ ಒಪೆರಾ ಹೌಸ್

ತುಳುನಾಡಿನ ಅಳದಂಗಡಿ, ವೇಣೂರು, ಮೂಡುಬಿದಿರೆ ಕಡೆ ಮುಂಬೈಯ ನಂಟಿಲ್ಲದ ಊರಿಲ್ಲ. ಹೋಟೆಲು ಕೆಲಸಕ್ಕೆಂದು ಹೋಗಿ ಗಿರ್ಗಾಂವ್, ಚರ್ನಿ ರೋಡ್ ಸುತ್ತ ಬದುಕಿದ ನಮ್ಮವರಿಗೆ ‘ಒಪೆರಾ ಹೌಸ್’ ಒಂದು ಪೇಟೆಯ ಹೆಸರು. ಆ ಹೆಸರಿಗೆ ಕಾರಣವಾದ ರಾಯಲ್ ಒಪೆರಾ ಹೌಸ್ ಮಾತ್ರ 1993ರಿಂದ 2016ರವರೆಗೆ ಬೀಗ ಹಾಕಿಕೊಂಡೇ ಇತ್ತು.

ಮಾರಿಸ್ ಬ್ಯಾಂಡ್‌ಮನ್ ಮತ್ತು ಜಹಾಂಗೀರ್ ಫ್ರಾಮ್‌ಜಿ ಕರಾಕಾ ಸೇರಿ ಕಟ್ಟಿಸಿದ ರಂಗಮಂದಿರವಿದು. ಕೆಲಸ ಶುರುವಾದದ್ದು 1909ರಲ್ಲಿ. 1911ರಲ್ಲಿ ಭಾರತಕ್ಕೆ ಬಂದ ದೊರೆ ಐದನೇ ಜಾರ್ಜ್ ಇದನ್ನು ಉದ್ಘಾಟಿಸಿದಾಗ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಯುರೋಪಿನ ಸಂಗೀತ ನಾಟಕಗಳಿಗೆಂದು ಕಟ್ಟಿದ ವೇದಿಕೆಯನ್ನು ಬೇಗನೆ ನಮ್ಮ ದೇಶದ ಕಲಾವಿದರೂ ಏರಿದರು. ಬಾಲಗಂಧರ್ವ, ದೀನಾನಾಥ ಮಂಗೇಶ್ಕರ್ ಇಲ್ಲಿ ಹಾಡಿದರು. ಪೃಥ್ವಿರಾಜ್ ಕಪೂರ್ ತಮ್ಮ ಪೃಥ್ವಿ ಥಿಯೇಟರ್‌ನ ನಾಟಕಗಳನ್ನು ಆಡಿದರು. ನಡುವೆ ಸಿನಿಮಾ ಬಂತು, 1952ರಲ್ಲಿ ಒಡೆತನ ಗೊಂಡಲ್ ರಾಜಮನೆತನಕ್ಕೆ ಹೋಯಿತು. ಪ್ರೇಕ್ಷಕರು ಕಡಿಮೆಯಾದಂತೆ ಬಾಗಿಲು ಮುಚ್ಚಿತು.

2008ರಲ್ಲಿ ಜೀರ್ಣೋದ್ಧಾರ ಕೈಗೆತ್ತಿಕೊಂಡವರು ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ. ಮುಂಬೈಯ ಮಳೆಗೆ ಸಿಕ್ಕ ಮುಚ್ಚಿದ ಕಟ್ಟಡದಲ್ಲಿ ಮೊದಲು ನೋಡಬೇಕಾದದ್ದು ಮಾಡು ಮತ್ತು ಗೋಡೆ, ಅಲಂಕಾರವೆಲ್ಲ ಆಮೇಲೆ. ಕಟ್ಟಡ ಗಟ್ಟಿಯಾದ ಬಳಿಕ ಒಳಗಿನ ಕೆಲಸ ನಡೆಯಿತು. ಸಿನಿಮಾ ಕಾಲದ ಮಾರ್ಪಾಡುಗಳನ್ನು ತೆಗೆದು, ಹಳೆಯ ಚಿತ್ರಗಳನ್ನು ನೋಡಿಕೊಂಡು ಮೂಲದ ರೂಪ ಮರಳಿಸಿದರು. ಇಂದಿನ ಪ್ರದರ್ಶನಕ್ಕೆ ಬೇಕಾದ ಬೆಳಕು, ಧ್ವನಿ, ಹವಾನಿಯಂತ್ರಣವನ್ನೂ ಹೊಂದಿಸಿದರು. 2016ರ ಅಕ್ಟೋಬರ್‌ನಲ್ಲಿ ಪರದೆ ಮತ್ತೆ ಎದ್ದಿತು. ಮರುವರ್ಷ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಬಂತು.

ಬೆಂಗಳೂರಿನಲ್ಲೂ ಒಂದು ಒಪೆರಾ ಹೌಸ್ ಇದೆ, ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ. ಬ್ರಿಟಿಷರ ಕಾಲದ ಈ ಮಂದಿರವನ್ನು ಸ್ಯಾಮ್‌ಸಂಗ್ ಕಂಪನಿ ದುರಸ್ತಿ ಮಾಡಿ, 2018ರಲ್ಲಿ ತನ್ನ ದೊಡ್ಡ ಮಳಿಗೆಯಾಗಿ ತೆರೆಯಿತು. ಅದೇ ನಗರದ ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರ ಪ್ಲಾಜಾ ಚಿತ್ರಮಂದಿರ ನೆಲಸಮವಾದದ್ದನ್ನು ಕಂಡವರಿಗೆ, ಕಟ್ಟಡವೊಂದು ಉಳಿದದ್ದೇ ದೊಡ್ಡ ಸಮಾಧಾನ. ಆದರೆ ಮುಂಬೈಯಲ್ಲಿ ಕಟ್ಟಡದ ಜೊತೆ ಆಟವೂ ಮರಳಿತು. ನನ್ನ ಮಟ್ಟಿಗೆ ರಂಗಮಂದಿರದ ಜೀರ್ಣೋದ್ಧಾರ ಪೂರ್ತಿಯಾಗುವುದು ಆಗಲೇ.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ಸಂಜೆ ಎದ್ದ ರಂಗಸ್ಥಳ ಬೆಳಗಾಗುವಾಗ ಇರುವುದಿಲ್ಲ. ಆದರೂ ಯಕ್ಷಗಾನ ಉಳಿದಿದೆ. ಮೇಳಗಳು ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೂ ಮುಂದಿನ ತಿರುಗಾಟಕ್ಕೆ ಮತ್ತೆ ಕಟ್ಟುತ್ತವೆ. ಆಟ ಆಡಿಸುವ ಸೇವಾಕರ್ತರು, ನಿದ್ದೆಗೆಟ್ಟು ನೋಡುವ ಊರವರು, ಕಲಿಯುವ ಮಕ್ಕಳು ಇದ್ದಾರೆಂಬುದೇ ಅದರ ಬಲ. ಗೋಡೆಯಿಲ್ಲದೆ ಕಲೆ ಉಳಿದೀತು, ಆಡುವವರಿಲ್ಲದೆ ಉಳಿಯದು.

ಹಳೆಯ ಪುರಭವನಗಳ ದುರಸ್ತಿಗೆ ನಮ್ಮ ಊರುಗಳಲ್ಲೂ ಅಂದಾಜುಪಟ್ಟಿ ತಯಾರಾಗುತ್ತದೆ. ಸಿಮೆಂಟು, ಬಣ್ಣ, ಕುರ್ಚಿಗಳ ಲೆಕ್ಕದ ಜೊತೆಗೆ, ಹವ್ಯಾಸಿ ತಂಡಕ್ಕೆ ಎಟಕುವ ಬಾಡಿಗೆ, ವರ್ಷದಲ್ಲಿ ನಾಟಕಕ್ಕೆ ಮೀಸಲಾದ ದಿನಗಳು, ಬೆಳಕು ಧ್ವನಿ ಬಲ್ಲ ಒಬ್ಬ ಕಾಯಂ ಕೆಲಸಗಾರ ಇವಿಷ್ಟೂ ಆ ಪಟ್ಟಿಯಲ್ಲಿ ಸೇರಲಿ. ಹಾಗೆ ಸೇರಿಸಲು ಕೇಳುವ ಹಕ್ಕು ನೋಡುಗರಾದ ನಮಗಿದೆ.