ಬಾಯಿಪಾಠದಲ್ಲಿ ಉಳಿದ ಹಾರೋಬೆಲೆ

ಚೌರಪ್ಪ, ಇನ್ನಾಸಪ್ಪ, ಚಿನ್ನಪ್ಪ. ಹಳೇ ಮೈಸೂರಿನ ಕಥೋಲಿಕ ಊರುಗಳ ಈ ಹೆಸರುಗಳು ಕೇಳಿದರೆ ಪಕ್ಕದ ಹೊಲದವರವೇ ಅನ್ನಿಸುತ್ತವೆ. ಬಿಡಿಸಿದರೆ ಚೌರಪ್ಪನೊಳಗೆ ಸಂತ ಕ್ಸೇವಿಯರ್, ಇನ್ನಾಸಪ್ಪನೊಳಗೆ ಯೇಸುಸಭೆ ಕಟ್ಟಿದ ಇಗ್ನೇಷಿಯಸ್. ಚಿನ್ನಪ್ಪನದು ಇನ್ನೂ ಸ್ವಾರಸ್ಯ. ಲ್ಯಾಟಿನ್ನಿನಲ್ಲಿ ಪೌಲನೆಂದರೆ ಚಿಕ್ಕವನು. ತಮಿಳಿನ ‘ಚಿನ್ನ’ವಾಗಿ ಇತ್ತ ಬಂದ. ನಮ್ಮವರು ಬಂಗಾರವೆಂದೇ ತಿಳಿದು ಮಗುವನ್ನು ಕರೆದಿದ್ದರೆ ನಷ್ಟವೇನಿಲ್ಲ.

ಕನಕಪುರ ತಾಲ್ಲೂಕಿನ ಕಥೋಲಿಕ ಊರು ಹಾರೋಬೆಲೆಯ ಕಥೆಯೂ ಹೀಗೆ, ಕಿವಿಯಿಂದ ಬಾಯಿಗೆ ಬಂದದ್ದು.

ಮೊದಲು ಸೀಮೆಯ ಕಥೆ. 1648ರ ಸುಮಾರಿಗೆ ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಹೆಸರೇ ಅರ್ಧ ಕನ್ನಡದ್ದು! ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿದ ದಾರಿ ಅವರದು: ಸನ್ಯಾಸಿಯ ಉಡುಗೆ, ಸಸ್ಯಾಹಾರ, ಮೊದಲು ಜನರ ಮಾತು. ಕನ್ನಡ ಕಲಿತರು, ವ್ಯಾಕರಣ ಬರೆದರು, ಜ್ಞಾನೋಪದೇಶವನ್ನೂ ಕನ್ನಡಕ್ಕೆ ತಂದರು. ಆದರೆ ಪಾದ್ರಿಗಳು ಬೆರಳೆಣಿಕೆ, ಊರುಗಳು ದೂರ ದೂರ. 1773ರಲ್ಲಿ ರೋಮ್ ಯೇಸುಸಭೆಯನ್ನೇ ವಿಸರ್ಜಿಸಿತು. 1799ರ ನಂತರ ಮೈಸೂರು ಸೀಮೆ ಸುತ್ತಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಕೊನೆಗೆ ಕೈಚೆಲ್ಲಿದರು. ಇಲ್ಲಿ ಕ್ರೈಸ್ತಧರ್ಮ ಬೇರೂರುವುದು ಆಗದ ಮಾತೆಂದು ವಾದಿಸಿ 1823ರಲ್ಲಿ ಪುಸ್ತಕವನ್ನೇ ಹೊರತಂದರು.

ದೊಡ್ಡ ವಿದ್ವಾಂಸರು. ಆದರೂ ಅವರ ಲೆಕ್ಕ ತಪ್ಪಿತು ಅನ್ನಬೇಕಾಗುತ್ತದೆ. ಅವರು ಮತಾಂತರವನ್ನು ಎಣಿಸಿದರು. ಮುಸ್ಸಂಜೆಯ ಜಪವನ್ನು ಎಣಿಸಲಿಲ್ಲ. ಗುರುಗಳು ಇಲ್ಲದ ದಿನಗಳಲ್ಲಿ ಹಳ್ಳಿಗಳ ಧರ್ಮ ನಡೆದದ್ದು ಉಪದೇಶಿಯ ಮೇಲೆ, ಮನೆಯ ಹಿರಿಯರ ಮೇಲೆ. ಜಪಮಾಲೆ ಹಿಡಿದು ಕೂತರೆ ಮೊದಲರ್ಧ ಒಬ್ಬರು ಹೇಳುತ್ತಾರೆ, ಉಳಿದರ್ಧ ಎಲ್ಲರೂ. ಓದು ಬಾರದವಳೂ ಅಲ್ಲಿ ಪಂಡಿತೆಯೇ. ತೊಡೆಯ ಮೇಲಿನ ಕೂಸು ಅರ್ಥ ತಿಳಿಯುವ ಮೊದಲೇ ಧಾಟಿ ಕಲಿತಿರುತ್ತದೆ. ಚರ್ಚಿನ ಪೂಜೆ ಲ್ಯಾಟಿನ್ನಿನಲ್ಲಿ ಸಾಗುತ್ತಿತ್ತು, ಗುರುಗಳ ಮುಖ ಪೀಠದತ್ತ. ಜನ ತಮ್ಮ ಪಾಡಿಗೆ ಜಪ ಸಾಗಿಸುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಮಾತೃಭಾಷೆಗೆ ಬಾಗಿಲು ತೆರೆದ ಮೇಲಷ್ಟೇ ಪೀಠದಿಂದಲೂ ಕನ್ನಡ ಕೇಳಿಸಿತು. ಮನೆಯ ಪಡಸಾಲೆ ಅದಕ್ಕಿಂತ ಬಹಳ ಮುಂದಿತ್ತು.

ಹಾರೋಬೆಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಾಠವನ್ನು ಆಟವಾಗಿಸಿತು. ಶುಭ ಶುಕ್ರವಾರದ ಸಂದರ್ಭಕ್ಕೆ ಊರವರೇ ಆಡುವ ಯೇಸುವಿನ ಪಾಡಿನ ನಾಟಕಕ್ಕೆ ಶತಮಾನದ ವಯಸ್ಸು. ಇದರಲ್ಲಿ ನನಗೆ ಅಚ್ಚರಿಯಿಲ್ಲ. ರಾಮನಗರ, ಮಂಡ್ಯದ ಕಡೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ‘ಕುರುಕ್ಷೇತ್ರ’ ಕಲಿಯುವುದು ಊರೂರಿನ ಚಟ. ಮಹಾಭಾರತವನ್ನು ಪಾರ್ಟು ಮಾಡಿ ಕಲಿತ ಸೀಮೆಯಲ್ಲಿ ಬೈಬಲ್ಲನ್ನೂ ಹಾಗೆಯೇ ಕಲಿಯದೆ ಇನ್ನು ಹೇಗೆ? ಪಿಲಾತನ ಪಾರ್ಟು ಮಾಡುವವನಿಗೆ ಕೈ ತೊಳೆದುಕೊಂಡವನ ಅಳುಕನ್ನು ಪ್ರವಚನದಲ್ಲಿ ಬಿಡಿಸಿ ಹೇಳಬೇಕಿಲ್ಲ.

ಊರ ಬಳಿಯ ಕಪಾಲಬೆಟ್ಟ 2019ರ ಡಿಸೆಂಬರ್ 25ರಂದು ಸುದ್ದಿಗೆ ಬಂತು. 114 ಅಡಿಯ ಕ್ರಿಸ್ತನ ಪ್ರತಿಮೆಗೆ ಶಂಕುಸ್ಥಾಪನೆ, ಆಮೇಲೆ ವಿವಾದ, ಕನಕಪುರದಲ್ಲಿ ಪ್ರತಿಭಟನೆ. ಅದರ ರಾಜಕೀಯ ಬೇರೆಯೇ ಕಥೆ. ಬೆಟ್ಟದ ಹೆಸರಂತೂ ಬೈಬಲ್ಲಿನ ಗೊಲ್ಗೊಥಾಕ್ಕೆ, ಆ ‘ಕಪಾಲ ಸ್ಥಳ’ಕ್ಕೆ, ನೇರ ಕನ್ನಡ.

ಯೇಸುವಿನ ಪಾಡನ್ನು ನೆನೆಯುವ ಶಿಲುಬೆ ಹಾದಿಯಲ್ಲಿ ನಿಲುಗಡೆಗಳು ಹದಿನಾಲ್ಕು. ಪ್ರತಿಯೊಂದರಲ್ಲೂ ಒಬ್ಬರು ಓದುತ್ತಾರೆ, ಮಿಕ್ಕವರು ಮಂಡಿಯೂರಿ ಉತ್ತರ ಕೊಡುತ್ತಾರೆ. ಅವ್ವನ ಸೆರಗು ಹಿಡಿದ ಮಕ್ಕಳ ದನಿ ಮಾತ್ರ ಅರ್ಧ ಪದ ತಡವಾಗಿ ಬರುತ್ತದೆ.