ವಾಕ್ಯಗಳ ಬೆಸುಗೆ

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅವುಗಳಲ್ಲಿ ವಾಕ್ಯಗಳನ್ನು ಬೆಸೆಯುವ ಸಂಬಂಧಾರ್ಥಕಾವ್ಯಯಗಳ ವಿಷಯದಲ್ಲಿ ನಮ್ಮ ಬರವಣಿಗೆ ಎಡವುವುದೇ ಹೆಚ್ಚು. ‘ಬಾಲಕನು ಬಂದನು ಮತ್ತು ನಮಸ್ಕರಿಸಿದನು ಮತ್ತು ಕುಳಿತನು’ ಎಂಬುದು ಕನ್ನಡದ ಜಾಯಮಾನವಲ್ಲ. ‘ಬಂದು, ನಮಸ್ಕರಿಸಿ, ಕುಳಿತನು’ ಎಂದರೆ ಕೃದಂತಾವ್ಯಯವೇ ಕೊಂಡಿಯಾಗುತ್ತದೆ.

ಇದು ಕಿವಿಗೆ ಒಗ್ಗದ ದೋಷವಷ್ಟೆ. ಅರ್ಥವನ್ನೇ ಕೆಡಿಸುವ ದೋಷ ಇನ್ನೊಂದುಂಟು. ವಿದ್ಯಾರ್ಥಿವೇತನದ ಶಿಫಾರಸು ಪತ್ರದಲ್ಲಿ ‘ಈ ಬಾಲಕನು ಬಡವ, ಆದರೆ ಪ್ರಾಮಾಣಿಕ’ ಎಂದು ಉಪಾಧ್ಯಾಯರು ಬರೆದರೆನ್ನೋಣ. ಬಡವರು ಸಾಮಾನ್ಯವಾಗಿ ಅಪ್ರಾಮಾಣಿಕರೆಂಬ ಧ್ವನಿ ಅಲ್ಲಿ ಹೊರಡುತ್ತದೆ. ಬರೆದವರ ಮನಸ್ಸಿನಲ್ಲಿ ಅದಿರಲಾರದು. ‘ಆದರೆ’ ಎಂಬುದು ವಿರೋಧವನ್ನು ಸೂಚಿಸುವುದರಿಂದ ಆ ಅಪವಾದ ತಾನಾಗಿಯೇ ಬಡವರಿಗೆ ಅಂಟುತ್ತದೆ. ‘ಬಡವನೂ ಪ್ರಾಮಾಣಿಕನೂ ಆಗಿದ್ದಾನೆ’ ಎಂದು ಬರೆದಲ್ಲಿ ಸಮುಚ್ಚಯದ ‘ಊ’ಕಾರವು ಎರಡನ್ನೂ ಸಮವಾಗಿ ನಿಲ್ಲಿಸುತ್ತದೆ.